ಚೌತಿ ಚಂದ್ರ ಮುಳುಗುವವರೆಗೆ

ನಯಾಪೈಸೆ ಬಂದ ವರ್ಷದ ಗಣೇಶನ ಹಬ್ಬ. ಸಂಜೆ ಹಿತ್ತಲಿನ ಬಾವಿಕಟ್ಟೆಯ ಹತ್ತಿರ ಕಾಲು ತೊಳೆಯುತ್ತಿದ್ದ ಮಹಾದೇವಯ್ಯ ತಲೆ ಎತ್ತಿದವನೇ ಕೂಗಿಕೊಂಡ. ಪಡುವಣದಲ್ಲಿ, ಹುಣಸೆಮರದ ನೆತ್ತಿಯ ಮೇಲೆ, ಮೋಡ ಸರಿದು ಚಂದ್ರ ಇಣುಕಿದ್ದ. ನೋಡಬಾರದ್ದನ್ನು ಕಣ್ತುಂಬ ನೋಡಿಬಿಟ್ಟಿದ್ದ ಪುಣ್ಯಾತ್ಮ.

ಚೌತಿ ಚಂದ್ರನನ್ನು ಕಂಡವರಿಗೆ ಅಪವಾದ ತಪ್ಪುವುದಿಲ್ಲ. ಅವನು ಮುಳುಗುವುದರೊಳಗೆ ಯಾರಿಂದಲಾದರೂ ಬೈಸಿಕೊಂಡರೆ ದೋಷ ಕಳೆಯುತ್ತದೆಂದು ಗುಬ್ಬಿಯ ಆ ಬೀದಿಯಲ್ಲಿ ಎಲ್ಲರೂ ನಂಬಿದ್ದರು. ಬೇರೆ ವರ್ಷವಾಗಿದ್ದರೆ ಮಹಾದೇವಯ್ಯ ನಕ್ಕುಬಿಡುತ್ತಿದ್ದ. ಆದರೆ ಅವನ ಕೊಬ್ಬರಿ ಮಂಡಿಯ ಹಮಾಲಿ ಸಿದ್ದಯ್ಯ ವಾರದ ಹಿಂದೆ ಕೆರೆಯಲ್ಲಿ ಹೆಣವಾಗಿ ತೇಲಿದ್ದ. ಬೆಳಿಗ್ಗೆ ತುಮಕೂರಿನಿಂದ ಇನ್‌ಸ್ಪೆಕ್ಟರು ವಿಚಾರಣೆಗೆ ಬರುವವರಿದ್ದರು. ಸಿದ್ದಯ್ಯನ ತಲೆ ಒಡೆದದ್ದು ಯಾರ ದೊಣ್ಣೆ ಎಂಬುದನ್ನು ಕಣ್ಣಾರೆ ಕಂಡವಳು ಮಹಾದೇವಯ್ಯನ ಹೆಂಡತಿ ಕಲ್ಲಮ್ಮ ಒಬ್ಬಳೇ. ಆ ದೊಣ್ಣೆಯ ರುಚಿ ಅವಳ ಬೆನ್ನಿಗೂ ಗೊತ್ತಿತ್ತು.

ಮಹಾದೇವಯ್ಯ ಬೀದಿಗಿಳಿದು ಎದುರುಮನೆಯ ಅಂಜನಪ್ಪನ ಸೂರಿಗೆ ಕಲ್ಲು ಬೀರಿದ. ಹೆಂಚು ಪುಡಿಯಾಯಿತು. ಅಂಜನಪ್ಪ ಹೊರಗೆ ಬಂದವನು ಇವನನ್ನು ಕಂಡು ಕೈಮುಗಿದ.

"ಹಳೇ ಹೆಂಚು ಬುಡಿ, ಯಜಮಾನ್ರೇ."

"ಬಯ್ಯೋ ನನ್ಮಗನೇ!" ಮಹಾದೇವಯ್ಯ ಅವನ ಅಂಗಿ ಹಿಡಿದೆಳೆದ.

"ನಿಮ್ಮನ್ನ ಬಯ್ಯೋಕಾಯ್ತದಾ?"

ಗುದ್ದು ಮೂಗಿಗೆ ಬಿತ್ತು. ರಕ್ತ ಬಾಯಿಗಿಳಿದರೂ ಅಂಜನಪ್ಪ ಮುಗಿದ ಕೈ ಬಿಡಲಿಲ್ಲ. ಉಳಿದ ಮನೆಗಳ ಬಾಗಿಲು ಪಟಪಟನೆ ಮುಚ್ಚಿದವು. ಬೈದವರ ಹಲ್ಲು ಉದುರಿಸಿಯೇ ದೊಡ್ಡಮನುಷ್ಯನಾದವನನ್ನು ಯಾರು ತಾನೇ ಬೈದಾರು?

ಮನೆಗೆ ಬಂದವನೇ ದೊಣ್ಣೆ ಎತ್ತಿಕೊಂಡ. "ನೀನಾದ್ರೂ ಬಯ್ಯೇ! ಬಾಯಿ ಬಿದ್ದೋಯ್ತಾ?"

ಕಲ್ಲಮ್ಮ ಹಿತ್ತಲ ಬಾಗಿಲಿನಿಂದ ಚಂದ್ರನನ್ನು ನೇರವಾಗಿ ನೋಡಿದಳು. ಅಪವಾದಕ್ಕೆ ಹೆದರುವಂಥದ್ದು ಅವಳ ಬಳಿ ಏನೂ ಉಳಿದಿರಲಿಲ್ಲ. ಅವನು ಹುಣಸೆಮರದ ಕವಲಿಗೆ ಇಳಿದಿದ್ದ. ನಿನ್ನೆ, ಗೌರಿಹಬ್ಬದ ದಿನ, ಇಷ್ಟು ಹೊತ್ತಿಗೆ ಮುಳುಗಿಯೇ ಹೋಗಿದ್ದ. ಅಮಾವಾಸ್ಯೆ ಕಳೆದ ಮೇಲೆ ಅವನು ದಿನದಿಂದ ದಿನಕ್ಕೆ ತಡವಾಗಿ ಮುಳುಗುತ್ತಾನೆ. ಇವತ್ತಿನ ಆ ಹೆಚ್ಚಿನ ಹೊತ್ತನ್ನು ಅವಳು ಮೈಮೇಲೆ ಹೊರಬೇಕಾಗಿತ್ತು.

"ನೀವು ನೂರ್ಕಾಲ ಚೆನ್ನಾಗಿರಿ" ಎಂದಳು.

ಮೊದಲ ಏಟು ಬೆನ್ನಿಗೆ ಬಿತ್ತು, ಎರಡನೆಯದು ಮೊಣಕಾಲಿಗೆ. ಕೂದಲು ಹಿಡಿದು ತಲೆಯನ್ನು ಕಂಬಕ್ಕೆ ಚಚ್ಚಿದ. ಪ್ರತಿ ಏಟಿಗೂ ಒಂದೊಂದು ಬೈಗುಳ ಅವಳ ನಾಲಗೆಯ ತುದಿಗೆ ಬಂತು. ಇಪ್ಪತ್ತು ವರ್ಷ ಕೂಡಿಟ್ಟ ಬೈಗುಳಗಳು. ನಾಲಗೆ ಕಚ್ಚಿಕೊಂಡಳು. ಬಾಯಿ ತುಂಬ ರಕ್ತವಾಯಿತು. ಭುಜದ ಮೂಳೆ ಲಟಕ್ಕೆಂದಾಗ ಕಣ್ಣು ಕತ್ತಲೆ ಬಂತು, ಆದರೂ ಚಂದ್ರನ ಮೇಲಿಟ್ಟ ದೃಷ್ಟಿ ಕದಲಲಿಲ್ಲ.

ಮರದ ಬುಡ, ಬೇಲಿ, ಆಮೇಲೆ ಕೆರೆಯ ಏರಿ. ಚಂದ್ರ ಏರಿಯ ಹಿಂದೆ ಇಳಿದುಹೋದ.

ಕಲ್ಲಮ್ಮ ಗೋಡೆ ಹಿಡಿದು ಎದ್ದಳು. ರಕ್ತ ಉಗುಳಿ, ಬೀದಿಗೆಲ್ಲ ಕೇಳುವ ಹಾಗೆ ಬಾಯಿ ತೆಗೆದಳು.

"ಏನ್ಲಾ ಮಹಾದೇವ! ಕೊಲೆಗಡುಕ! ಸಿದ್ದಯ್ಯನ ತಿಂದ್ಕೊಂಡ ಪಾಪಿ, ನಿನ್ನ ಮನೆ ಹಾಳಾಗ!"

ಮಹಾದೇವಯ್ಯನ ಮುಖ ಅರಳಿತು, ಬೈದಳಲ್ಲ ಎಂದು. ಮರುಕ್ಷಣವೇ ಅನುಮಾನ ಬಂದು ದೊಣ್ಣೆ ಬಿಸಾಕಿ ಹಿತ್ತಲಿಗೆ ಓಡಿದ. ಕತ್ತಲೆಯಲ್ಲಿ ಕತ್ತು ಚಾಚಿ ಚಾಚಿ ಹುಡುಕಿದ.

"ಹುಡುಕ್ಬ್ಯಾಡ, ಮುಳುಗೋದ" ಎಂದಳು ಕಲ್ಲಮ್ಮ. "ಅವ್ನಿದ್ದಾಗ ಬೈದಿದ್ರೂ ಕಳೀತಿದ್ದಿದ್ದು ಸುಳ್ಳು ಅಪವಾದ ಕಣೋ. ಬೆಳಿಗ್ಗೆ ಇನ್‌ಸ್ಪೆಕ್ಟ್ರಿಗೆ ನಾನು ಹೇಳೋದು ನಿಜ."

ಒಂದೊಂದಾಗಿ ಬಾಗಿಲುಗಳು ತೆರೆದವು. ಸರಿಯಿದ್ದ ಕೈಯಲ್ಲಿ ದೊಣ್ಣೆ ಎತ್ತಿಕೊಂಡು ಕಲ್ಲಮ್ಮ ಅಂಜನಪ್ಪನ ಮನೆಗೆ ನಡೆದಳು.