ನಂಜುಂಡೇಶ್ ಮಾಡಿದ ಪೆಡಲ್

ಪೆಡಲಿನ ಸ್ವಿಚ್ ಒತ್ತಿದ ಕೂಡಲೇ ಗಿಟಾರಿನ ದನಿ ಸತ್ತುಹೋಗುತ್ತಿತ್ತು. ಇನ್ನೊಮ್ಮೆ ಒತ್ತಿದರೆ ಏನೂ ಆಗೇ ಇಲ್ಲವೆಂಬಂತೆ ಮತ್ತೆ ಕೇಳುತ್ತಿತ್ತು. ಶೋಭಿತಾ ತಂತಿ ಮೀಟಿ, ಒತ್ತಿ, ಮತ್ತೆ ಮೀಟಿ, ಕಡೆಗೆ ಗಿಟಾರನ್ನು ಮಂಚದ ಮೇಲೆ ಮಲಗಿಸಿ ಅಪ್ಪನ ಮುಖ ನೋಡಿದಳು.

"ಆಮೇಲೆ," ಅಂದ ನಂಜುಂಡೇಶ್.

ಲಕ್ವ ಹೊಡೆದ ಮೇಲೆ ಅವನಲ್ಲಿ ಉಳಿದಿದ್ದುದು ಅದೊಂದೇ ಮಾತು. ನೀರು ಬೇಕಾದರೂ ಆಮೇಲೆ, ಸೊಳ್ಳೆ ಕಚ್ಚಿದರೂ ಆಮೇಲೆ, ಹೆಂಡತಿಯನ್ನು ಕರೆಯಬೇಕಾದರೂ ಆಮೇಲೆ. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಹೊಳೆನರಸೀಪುರದ ಈ ಮನೆಯ ಮುಂದಿನ ಕೋಣೆಯಲ್ಲಿ ಮೈಕ್ ಸೆಟ್ಟು, ಆಂಪ್ಲಿಫಯರ್ ರಿಪೇರಿ ಮಾಡುತ್ತ, ಕರೆ ಬಂದಾಗ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತ ಇದ್ದ ಮನುಷ್ಯ ಈಗ ದಿನವೆಲ್ಲ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಕೈಕಾಲಿಗೆ ವ್ಯಾಯಾಮ ಮಾಡಿಸುವವರು ಬಂದರೆ ಕಣ್ಣೇ ಬಿಡುತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಆರ್ಕೆಸ್ಟ್ರಾದ ಕಾಂತರಾಜು ಈ ಪೆಡಲ್ ತಂದಿದ್ದ. ಕಾಲಲ್ಲಿ ಒತ್ತಿದರೆ ಗಿಟಾರಿನ ತೆಳ್ಳನೆಯ ದನಿಯನ್ನು ಒರಟಾಗಿ ಉಬ್ಬಿಸಿ ಕೊಡುವ ಪೆಟ್ಟಿಗೆ. ಕಂಪನಿಯದಲ್ಲ, ಗೋಡೆಗೆ ಸ್ವಿಚ್ ಕೂರಿಸುವ ಕಬ್ಬಿಣದ ಡಬ್ಬಿಯೊಳಗೆ ನಂಜುಂಡೇಶನೇ ಜೋಡಿಸಿದ್ದು.

"ಮಕಾಡೆ ಮಲಗ್ಬುಟ್ಟದೆ ಕಣ್ಲಾ ನಂಜುಂಡ," ಎಂದು ಮಂಚದ ಪಕ್ಕ ಕೂತು ಹೇಳಿದ್ದ. "ಈಗಿನ ಗಿಟಾರ್ ಉಡ್ಗನ ತಾವ ಕಂಪ್ನಿದು ಒಂದದೆ. ಆದ್ರೆ ಅದ್ರಲ್ಲಿ ನಿನ್ ಸೌಂಡು ಬರಾಕಿಲ್ಲ. ಸಂಜೆ ಮಲ್ಲಿಪಟ್ಟಣದ ಪ್ರೋಗ್ರಾಮಿಗೆ ಓಗೋವಾಗ ಇಂಗೇ ಬತ್ತೀನಿ, ನೋಡಿಕ್ಕಿರು."

ಆ ಮಾತು ಕೇಳಿ ನಂಜುಂಡೇಶ್ ಗೋಡೆಯಿಂದ ಈಚೆಗೆ ತಿರುಗಿದ. ಎಡಗೈಯನ್ನು ಮಗಳತ್ತ ಚಾಚಿದ. ಹೆಂಡತಿ ಭಾಗ್ಯಲಕ್ಷ್ಮಿ ಒಂದು ಕಡೆ, ಶೋಭಿತಾ ಒಂದು ಕಡೆ ಹಿಡಿದು ಅವನನ್ನು ರಿಪೇರಿ ಮೇಜಿನ ಮುಂದೆ ಕೂರಿಸಿದರು. ಆಸ್ಪತ್ರೆಯಿಂದ ಬಂದ ಮೇಲೆ ಆ ಕುರ್ಚಿಯಲ್ಲಿ ಅವನು ಕೂತದ್ದು ಇದೇ ಮೊದಲು. ಭಾಗ್ಯಲಕ್ಷ್ಮಿ ಅಡುಗೆಮನೆಗೆ ಹೋದಳು. ಅವಳು ಮೂಗು ಸೀಟಿಕೊಂಡದ್ದು ಇಲ್ಲಿಗೆ ಕೇಳಿಸಿತು.

ಶೋಭಿತಾ ಓದುತ್ತಿದ್ದುದು ಬಿಕಾಂ. ಚಿಕ್ಕಂದಿನಲ್ಲಿ ಟಾರ್ಚ್ ಹಿಡಿದು ಅಪ್ಪನ ಪಕ್ಕ ನಿಂತು ಸೋಲ್ಡರ್ ಮಾಡಿ ಬೆಸೆಯುವುದನ್ನಷ್ಟೇ ಕಲಿತಿದ್ದಳು. ಬ್ಯಾಟರಿ ಬದಲಿಸಿದಳು. ವೈರು ಬದಲಿಸಿದಳು. ಬಿಟ್ಟಂತೆ ಕಂಡ ಕಡೆಯಲ್ಲೆಲ್ಲ ಮತ್ತೆ ಬೆಸೆದಳು. ಬ್ಯಾಟರಿಯ ಕರೆಂಟು ಒಳಗೆ ಹೋಗುತ್ತಿದೆ ಎಂದು ಮೀಟರು ತೋರಿಸಿತು. ದನಿ ಎಲ್ಲಿ ನಿಲ್ಲುತ್ತಿದೆ ಎಂದು ತೋರಿಸಲಿಲ್ಲ. ಫೋಟೋ ತೆಗೆದು ಒಂದು ವಾಟ್ಸಾಪ್ ಗುಂಪಿಗೆ ಹಾಕಿದರೆ ಸರ್ಕ್ಯೂಟ್ ಡಯಾಗ್ರಂ ಕಳಿಸಿ ಎಂದು ಉತ್ತರ ಬಂತು. ಎಲ್ಲಿಂದ ತರುವುದು? ಹಳೆ ಟೇಪ್ ರೆಕಾರ್ಡರುಗಳ ಹೊಟ್ಟೆಯಿಂದ ಕಿತ್ತದ್ದನ್ನೆಲ್ಲ ತನ್ನ ಕಿವಿ ಒಪ್ಪುವವರೆಗೆ ಹಾಕಿ, ತೆಗೆದು, ಮತ್ತೆ ಹಾಕಿ ಅಪ್ಪ ಇದನ್ನು ಮಾಡಿದ್ದ. ಡಯಾಗ್ರಂ ಇದ್ದದ್ದು ಅವನ ತಲೆಯೊಳಗೆ.

"ಎಲ್ಲೋಗದೆ ಅಂತ ತೋರ್ಸಪ್ಪ. ಬೆಟ್ಟು ಮಾಡಿ ತೋರ್ಸು, ಸಾಕು."

ಅವನ ಎಡಗೈ ಬೆರಳು ಇಳಿದು ಒಂದು ಕಪ್ಪು ಕೆಪಾಸಿಟರ್ ಮೇಲೆ ನಿಂತಿತು.

"ಇದಾ?"

"ಆಮೇಲೆ!" ಹೌದೆಂದು ಜೋರಾಗಿ ತಲೆಯಾಡಿಸಿದ.

ಡಬ್ಬ ತಡಕಿ ಅಂಥದ್ದೇ ಒಂದನ್ನು ಹುಡುಕಿ ಬೆಸೆದಳು. ದನಿ ಬರಲಿಲ್ಲ. ಬೆರಳು ಇನ್ನೊಂದರ ಮೇಲೆ ನಿಂತಿತು. ಅದನ್ನೂ ಬದಲಿಸಿದಳು. ಅಲ್ಲಿಯವರೆಗೆ ಬರುತ್ತಿದ್ದ ಸಣ್ಣ ಗುಂಯ್ ಸದ್ದೂ ಈಗ ನಿಂತುಹೋಯಿತು. ಮಧ್ಯಾಹ್ನದ ಮುದ್ದೆ ಆರಿ ಗಟ್ಟಿಯಾಯಿತು. ಭಾಗ್ಯಲಕ್ಷ್ಮಿ ಬಾಗಿಲವರೆಗೆ ಬಂದು ನೋಡಿ ಹೋದಳೇ ಹೊರತು ಊಟಕ್ಕೆ ಏಳಿ ಅನ್ನಲಿಲ್ಲ.

ಶೋಭಿತಾಗೆ ಒಂದು ಅನುಮಾನ ಬಂತು. ಬೇಡ ಅನ್ನಿಸಿದರೂ ಡಬ್ಬಿಯ ಮುಚ್ಚಳದ ಸ್ಕ್ರೂ ಒಂದನ್ನು ಎತ್ತಿ ಹಿಡಿದಳು.

"ಇದೇನಪ್ಪ ಕೆಟ್ಟಿರಾದು?"

ಅವನು ಅಷ್ಟೇ ಉತ್ಸಾಹದಿಂದ ತಲೆಯಾಡಿಸಿದ.

"ಈ ಬಟ್ಟೆನಾ?" ಮೇಜು ಒರೆಸುವ ಬಟ್ಟೆ ತೋರಿಸಿದಳು.

"ಆಮೇಲೆ," ಅಂದ ಕಣ್ಣರಳಿಸಿ.

ಅವಳು ಸೋಲ್ಡರಿಂಗ್ ಐರನ್ನನ್ನು ಪಕ್ಕಕ್ಕಿಟ್ಟಳು. ಬೆಳಗಿನಿಂದ ಅವನು ತೋರಿಸುತ್ತಿದ್ದುದು ಅವಳು ಕೇಳುತ್ತಿದ್ದಳೆಂಬ ಕಾರಣಕ್ಕೆ ಮಾತ್ರ. ಆದರೂ ಅವನು ಕೂತಿದ್ದ, ನೆಟ್ಟಗೆ, ಅವಳು ಇನ್ನೇನು ಕೇಳುತ್ತಾಳೋ ಎಂದು ಕಾಯುತ್ತ. ಸರಿಯಾಗಲಿಲ್ಲ ಎಂದರೆ ಮತ್ತೆ ಗೋಡೆಯೇ.

ಪಕ್ಕದ ಸ್ಟೂಲಿನ ಮೇಲಿದ್ದ ಆಂಪ್ಲಿಫಯರಿನಲ್ಲೇ ದನಿಯನ್ನು ಒರಟು ಮಾಡುವ ತಿರುಗಣೆಯೊಂದಿತ್ತು. ಶೋಭಿತಾ ಅಪ್ಪನಿಗೆ ಕಾಣದಂತೆ ಮೇಜಿನ ಕೆಳಗೆ ಬಗ್ಗಿ, ಪೆಡಲಿನ ವೈರು ಕಿತ್ತು, ಗಿಟಾರನ್ನು ನೇರ ಆಂಪ್ಲಿಫಯರಿಗೇ ಸಿಕ್ಕಿಸಿದಳು. ತಿರುಗಣೆಯನ್ನು ಕೊನೆಯವರೆಗೆ ತಿರುಗಿಸಿದಳು. ಪೆಡಲ್ ಒತ್ತಿದಂತೆ ಮಾಡಿ ತಂತಿ ಮೀಟಿದಳು. ಕೋಣೆಯ ತುಂಬ ಒರಟು ಸದ್ದು ಎದ್ದಿತು.

"ಬಂತು ಕಣಪ್ಪ! ಸರಿಯಾಗೋಯ್ತು!"

ಒಳಗಿನಿಂದ ಭಾಗ್ಯಲಕ್ಷ್ಮಿ ಓಡಿಬಂದಳು. "ಬಂತಾ? ಬಂತೇನೆ?"

ನಂಜುಂಡೇಶ್ ತಲೆಯಾಡಿಸಲಿಲ್ಲ. ಕತ್ತು ಓರೆ ಮಾಡಿ ಕೇಳಿದ. ಮುಖದ ಎಡಭಾಗ ಬಿಗಿಯಿತು. ಎಡಗೈ ಚಾಚಿ, ಅಷ್ಟೊಂದು ತಿರುಗಣೆಗಳ ನಡುವೆ ಅದೊಂದನ್ನೇ ಹಿಡಿದು, ಮೆಲ್ಲಗೆ ಪೂರ್ತಿ ಹಿಂದಕ್ಕೆ ತಿರುಗಿಸಿದ. ತಂತಿಯ ತೆಳ್ಳನೆಯ ದನಿಯಷ್ಟೇ ಉಳಿದು ಅಡಗಿತು.

ಅವನು ಮಗಳನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಬೆರಳು ಡಬ್ಬಿಯೊಳಗೆ ಇಳಿದು ಒಂದು ಕಡೆ ನಿಂತು, ಅಲ್ಲಿಂದ ಇನ್ನೊಂದು ಕಡೆಗೆ ಜಾರಿ, ಕಡೆಗೆ ಡಬ್ಬಿಯ ಅಂಚನ್ನು ಹಿಡಿದುಕೊಂಡಿತು. "ಆಮೇಲೆ. ಆಮೇಲೆ... ಆಮೇಲೆ," ಅನ್ನುತ್ತಿದ್ದ, ಪ್ರತಿ ಸಲವೂ ಬೇರೆಯದೇ ಮಾತು ಹೇಳುವವನಂತೆ. ಕಣ್ಣು ತುಂಬಿ ಬಂದಿತ್ತು.

"ಅಪ್ಪಂಗೆ ಗೊತ್ತದೆ ಕಣವ್ವ," ಅಂದಳು ಶೋಭಿತಾ. "ಎಲ್ಲಾ ಗೊತ್ತದೆ."

"ಗೊತ್ತಿದ್ದು ಏನ್ ಬಂತು?" ಭಾಗ್ಯಲಕ್ಷ್ಮಿ ಕಿತ್ತುಬಿದ್ದಿದ್ದ ಪೆಡಲಿನ ವೈರು ನೋಡುತ್ತ ಸೆರಗಿನಿಂದ ಗಂಡನ ಬಾಯಂಚು ಒರೆಸಿದಳು. "ಅವ್ರಿಗ್ಯಾಕೆ ಸುಳ್ಳೇಳ್ದೆ?"

ಹೊರಗೆ ಕಾಂತರಾಜುವಿನ ಸ್ಕೂಟರ್ ಬಂದು ನಿಂತಿತು. "ಏನ್ ನಂಜುಂಡಾ!" ಎಂದು ಬೀದಿಯಿಂದಲೇ ಅವನ ದೊಡ್ಡ ದನಿ.

ನಂಜುಂಡೇಶ್ ಬೆಚ್ಚಿದ. ಎಡಗೈಯಿಂದ ತನ್ನ ಬಲಗೈಯನ್ನು ತೊಡೆಯ ಮೇಲಿಂದ ಎತ್ತಿ ಮೇಜಿನ ಮೇಲೆ, ಬಿಚ್ಚಿಟ್ಟ ಡಬ್ಬಿಯ ಪಕ್ಕ ಇಟ್ಟ. ಮುದುಡಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಸ್ಕ್ರೂಡ್ರೈವರಿನ ಹಿಡಿಯ ಸುತ್ತ ಮಡಿಸತೊಡಗಿದ.

ಶೋಭಿತಾ ಎದ್ದು ಹೋಗಿ ಬಾಗಿಲಿಗೆ ಅಡ್ಡವಾಗಿ ನಿಂತಳು.

"ಒಂದ್ಗಳಿಗೆ ಜಗಲಿ ಮೇಲೆ ಕೂತ್ಕಳಿ ಮಾವ," ಅಂದಳು. "ಅಪ್ಪ ಕೆಲ್ಸದಲ್ಲವ್ರೆ."

ಬೆನ್ನ ಹಿಂದೆ ಸ್ಕ್ರೂಡ್ರೈವರ್ ಜಾರಿ ಮೇಜಿನ ಮೇಲೆ ಉರುಳಿದ ಸದ್ದು ಕೇಳಿಸಿತು. ತುಸು ಹೊತ್ತಿನ ಮೇಲೆ, ಅದನ್ನು ಮತ್ತೆ ಎತ್ತಿಕೊಂಡ ಸದ್ದು.