ಹಿಂದಿನ ಐದು ಕಾಂಡ

"ಅದು ನಮ್ಮಮ್ಮನ ಗಿಡ ಅತ್ತಿಗೆ. ನೀವೇನು ತವರಿಂದ ತಂದದ್ದಲ್ಲವಲ್ಲ."

ನಾದಿನಿ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ್ದಳು. ಅತ್ತೆ ತೀರಿಕೊಂಡ ಮೇಲೆ ಪಾತ್ರೆ, ಬಟ್ಟೆ, ಹೊಲಿಗೆ ಯಂತ್ರ ಎಲ್ಲ ಹಂಚಿಹೋಗಿತ್ತು. ಉಳಿದದ್ದು ಪೂರ್ವದ ಕಿಟಕಿಯ ಆರ್ಕಿಡ್ ಒಂದೇ. ವರ್ಷಕ್ಕೊಮ್ಮೆ ನೇರಳೆ ಹೂ ಬಿಟ್ಟು ಮನೆಯೆಲ್ಲ ಘಮ್ಮೆನ್ನಿಸುವ ಗಿಡ. ಏನು ಬೇಕಾದರೂ ಹೋಗಲಿ, ಇದೊಂದು ಮಾತ್ರ ಕೈಬಿಡಬಾರದು ಎಂದು ಅತ್ತಿಗೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

"ತಂದದ್ದು ನಿಮ್ಮಮ್ಮ, ಸರಿ. ಕುಂಡ ಬದಲಾಯಿಸಿದ್ದು ಯಾರು? ಎಲೆ ಎಲೆಯ ಹುಳ ಒರೆಸಿದ್ದು ಯಾರು? ನೀನು ಬರ್ತಿದ್ದದ್ದು ಹೂ ಬಿಟ್ಟಾಗ, ಫೋಟೋ ತೆಗೆಸ್ಕೊಳ್ಳೋಕೆ."

"ನೋಡಿಕೊಂಡೋರಿಗೇ ಸೇರೋ ಹಾಗಿದ್ರೆ ಆಸ್ಪತ್ರೆಯ ರೋಗಿಗಳನ್ನೆಲ್ಲ ನರ್ಸಮ್ಮನ ಹೆಸರಿಗೆ ಬರೆದುಕೊಡಬೇಕಾಗುತ್ತೆ."

ಅಲ್ಲೇ ಕೂತಿದ್ದ ಗಂಡ ಹೆಂಡತಿಯ ಮುಖ ನೋಡಿದ, ತಂಗಿಯ ಮುಖ ನೋಡಿದ. "ಎರಡು ಮಾಡಿ ಹಂಚ್ಕೊಳ್ಳಿ ಮಾರಾಯ್ತೀರಾ, ನನ್ನ ತಲೆ ತಿನ್ನಬೇಡಿ" ಎಂದು ಎದ್ದುಹೋದ.

ಅತ್ತಿಗೆಗೆ ದಂತವೈದ್ಯರ ಬಳಿ ಕೆಲಸ. ಅಲ್ಲಿನ ರೂಢಿಯಂತೆ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಗಿಡವನ್ನು ಕುಂಡದಿಂದ ಕಳಚಿ ಪೇಪರ್ ಮೇಲಿಟ್ಟಳು. ಈ ಜಾತಿಯ ಆರ್ಕಿಡ್ ಅಡ್ಡಕ್ಕೆ ತೆವಳುತ್ತದೆ. ಪ್ರತಿವರ್ಷ ಮುಂದುಗಡೆ ಒಂದು ದಪ್ಪ ಕಾಂಡ ಏಳುತ್ತದೆ, ಹೂ ಬರುವುದು ಅದರಲ್ಲೇ. ಹಿಂದಿನವು ವರ್ಷ ಕಳೆದಂತೆ ಎಲೆ ಉದುರಿಸಿ ಬೋಳಾಗಿ, ಸುಕ್ಕುಗಟ್ಟಿ ಕೂರುತ್ತವೆ. ಇದರಲ್ಲಿದ್ದದ್ದು ಏಳು ಕಾಂಡ. ಮುಂದಿನ ತುದಿಯಲ್ಲಿ ಹೆಬ್ಬೆರಳುದ್ದದ ಹೊಸ ಮೊಳಕೆ, ಇನ್ನೂ ಸ್ವಂತ ಬೇರು ಬಿಟ್ಟಿರಲಿಲ್ಲ.

ಒಂದೊಂದು ಪಾಲಿಗೆ ಮೂರಕ್ಕಿಂತ ಕಡಿಮೆ ಕಾಂಡ ಬಿಡಬಾರದು, ಮೊಳಕೆಗೆ ಬೇರು ಬರುವ ತನಕ ಕತ್ತರಿಸಬಾರದು. ಅವಳಿಗಿದು ಗೊತ್ತಿತ್ತು. ಆದರೆ ಮೂರು-ನಾಲ್ಕು ಮಾಡಿದರೆ ನಾದಿನಿ ಚೌಕಾಸಿಗಿಳಿಯುತ್ತಾಳೆ, ಮೊಳಕೆಯ ಕಡೆಯೇ ಬೇಕೆನ್ನುತ್ತಾಳೆ. ಅತ್ತಿಗೆ ಚಾಕು ಇಳಿಸಿದಳು. ಮೊಳಕೆಯೊಂದಿಗೆ ಎರಡು ತನಗೆ, ಹಿಂದಿನ ಐದು ನಾದಿನಿಗೆ.

"ತಗೋ, ನಿನಗೆ ಐದು. ನಾಳೆ ಅತ್ತಿಗೆಯದು ಜಿಪುಣ ಕೈ ಅಂತ ಊರೆಲ್ಲ ಸಾರಬೇಡ."

"ಎಲೆನೇ ಇಲ್ವಲ್ಲ ಇವಕ್ಕೆ?"

"ಬರುತ್ತೆ. ಅಮ್ಮನ ಗಿಡ ತಾನೆ, ಮಗಳ ಕೈ ಸೋಕಿದ್ರೆ ಚಿಗುರದೆ ಇರುತ್ತಾ?"

ಇಂಥ ಬೋಳು ಕಾಂಡಗಳನ್ನು ಅವಳೇ ಎಷ್ಟೋ ಸಲ ಕಸದ ಬುಟ್ಟಿಗೆ ಹಾಕಿದ್ದಳು.

ಆದರೆ ಅವಳ ಮನೆಯ ಮೊಳಕೆ ಅಲ್ಲಿಂದಾಚೆ ಕೂದಲೆಳೆಯಷ್ಟೂ ಏಳಲಿಲ್ಲ. ಎರಡು ತಿಂಗಳಲ್ಲಿ ಹಳದಿಗೆ ತಿರುಗಿ, ಬುಡ ಕಪ್ಪಾಗಿ, ಒಂದು ಬೆಳಿಗ್ಗೆ ಬೆರಳು ತಾಗಿದ್ದಕ್ಕೆ ಕಳಚಿ ಬಿತ್ತು. ಕಾಂಡಗಳೆರಡೂ ಜೋತುಬಿದ್ದು ಒಣಗಿದವು. ಮೊಳಕೆ ಇಷ್ಟು ದಿನ ಕುಡಿಯುತ್ತಿದ್ದದ್ದು ಹಿಂದಿನ ಐದು ಕೂಡಿಟ್ಟಿದ್ದ ನೀರನ್ನು.

ಅದೇ ವಾರ ಗಂಡ ಊಟಕ್ಕೆ ಕೂತು ಹೇಳಿದ: "ತಂಗಿ ಫೋನ್ ಮಾಡಿದ್ಲು. ನೀನು ಕೊಟ್ಟದ್ದು ಬಿಸಾಡೋ ಮಾಲು ಅಂತ ನರ್ಸರಿಯವನು ನಕ್ಕನಂತೆ. ನಿನ್ನ ಜನ್ಮ ಜಾಲಾಡಿದ್ಲು. ಆಮೇಲೆ ನೋಡಿದ್ರೆ ಎರಡು ಮೊಳಕೆ ಬಂದಿವೆಯಂತೆ!"

ಮುಂದಿನ ಮೊಳಕೆಯಿಂದ ಬಿಡುಗಡೆ ಸಿಕ್ಕದ್ದೇ ತಡ, ಹಳೆಯ ಕಾಂಡಗಳ ಬುಡದಲ್ಲಿ ಮಲಗಿದ್ದ ಚಿಗುರುಕಣ್ಣುಗಳು ಎದ್ದಿದ್ದವು. ಅತ್ತಿಗೆ ಭಾನುವಾರ ಮಾನ ಮರ್ಯಾದೆ ನುಂಗಿಕೊಂಡು ನಾದಿನಿಯ ಮನೆಯ ಬೆಲ್ ಒತ್ತಿದಳು.

"ಓಹೋ, ದಾನಶೂರರು! ಬನ್ನಿ."

ಗಿಡ ಮಲಗುವ ಕೋಣೆಯಲ್ಲಿತ್ತು. ಕಿಟಕಿಗಳೆಲ್ಲ ಮುಚ್ಚಿದ್ದವು, ಗಾಳಿಯ ಸುಳಿವಿಲ್ಲ. ಎರಡು ಮೊಳಕೆಗಳೂ ಹಚ್ಚಹಸಿರಾಗಿ ಬೆರಳುದ್ದ ಎದ್ದಿದ್ದವು. ಎಳೆ ಎಲೆಗಳ ಸುರುಳಿಯಲ್ಲಿ ನೀರು ತುಂಬಿ ನಿಂತಿತ್ತು.

"ನನ್ನದು ಹೋಯ್ತು," ಎಂದಳು ಅತ್ತಿಗೆ. "ಒಂದು ಮೊಳಕೆ ಇರೋ ಪಾಲು ಕೊಡು. ಈಗಲೇ ಬೇಡ, ಬೇರು ಬಂದ ಮೇಲೆ."

"ಐದು ಕೊಟ್ಟು ಕೈ ತೊಳೆದುಕೊಂಡ್ರಲ್ಲ, ಆವಾಗ ಗೊತ್ತಿರಲಿಲ್ವಾ? ಸತ್ತದ್ದು ಅಂತ ಗೊತ್ತಿದ್ದೇ ಕೊಟ್ಟಿರಿ."

ಅತ್ತಿಗೆಯ ಕಣ್ಣೆಲ್ಲ ಆ ನೀರಿನ ಮೇಲೆ. "ಕೊಡಬೇಡ ಬಿಡು. ಆದ್ರೆ ಆ ನೀರು ತೆಗಿ. ಸುರುಳಿಯಲ್ಲಿ ನೀರು ನಿಂತ್ರೆ ಮೊಳಕೆ ಕೊಳೆತು ಹೋಗುತ್ತೆ. ಕಿಟಕಿ ತೆರೆದು, ಒಂದು ಬಟ್ಟೆ ತುದಿಯಿಂದ ಹೀರು ಸಾಕು. ನೀರು ಹಾಕೋದಿದ್ರೆ ಬುಡಕ್ಕೆ ಮಾತ್ರ."

ನಾದಿನಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ನಕ್ಕಳು.

"ನಿಮ್ಮದನ್ನು ಒಣಗಿಸಿ ಕೊಂದಿರಿ, ಈಗ ನನ್ನದೂ ಒಣಗಲಿ ಅಂತಾನಾ? ಒಂದು ಸಲ ನಿಮ್ಮ ಮಾತು ನಂಬಿ ನರ್ಸರಿಯವನ ಮುಂದೆ ನಗೆಪಾಟಲಾದೆ ಅತ್ತಿಗೆ."

"ಆವಾಗ ಸುಳ್ಳು ಹೇಳಿದ್ದು ನಿಜ. ಇದು ಸುಳ್ಳಲ್ಲ. ಬೇಕಾದ್ರೆ ಆ ನರ್ಸರಿಯವನನ್ನೇ ಕೇಳು."

"ನೀವು ಹೇಳಿದ್ದಕ್ಕೆ ಉಲ್ಟಾ ಮಾಡಿದ್ರೆ ಸಾಕು, ಯಾರನ್ನೂ ಕೇಳೋದು ಬೇಕಾಗಿಲ್ಲ."

ಅತ್ತಿಗೆ ಸೆರಗಿನ ತುದಿ ಹಿಡಿದು ಮೊಳಕೆಯತ್ತ ಕೈ ಚಾಚಿದಳು. ನಾದಿನಿ ಆ ಕೈಯನ್ನು ಪಟ್ಟನೆ ತಳ್ಳಿ, ಮೇಜಿನ ಮೇಲಿದ್ದ ನೀರಿನ ತಂಬಿಗೆ ಎತ್ತಿಕೊಂಡಳು. ಅತ್ತಿಗೆಯ ಮುಖವನ್ನೇ ನೋಡುತ್ತ, ಎರಡೂ ಮೊಳಕೆಗಳ ನೆತ್ತಿಗೆ ನಿಧಾನವಾಗಿ, ತುಂಬಿ ಹರಿಯುವಷ್ಟು ಸುರಿದಳು.