ಅಕ್ಕನಿಗೆ ಕಂಡದ್ದು ತಮ್ಮನಿಗೆ ಕಾಣಲಿಲ್ಲ

ಪತ್ರಿಕೆಯ ಕಚೇರಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಬಾಗಿಲು ಕಾಯುವವನಿಂದ ಹಿಡಿದು ಸಂಪಾದಕಿಯವರೆಗೆ ಎಲ್ಲರಿಗೂ ಅವನು ತಟ್ಟೆಯಣ್ಣ. ಆಕಾಶದಲ್ಲಿ ಹಾರುವ ತಟ್ಟೆ ಕಂಡೆವು, ಬೆಳಕಿನ ಉಂಡೆ ಕಂಡೆವು ಎಂದು ಯಾರು ಫೋನ್ ಮಾಡಿದರೂ ಕರೆ ನೇರ ಅವನ ಮೇಜಿಗೇ ಬರುತ್ತಿತ್ತು. ವಾರಕ್ಕೊಮ್ಮೆ ಏಳನೆಯ ಪುಟದ ಮೂಲೆಯಲ್ಲಿ ‘ಆಕಾಶದಲ್ಲಿ ಕಂಡದ್ದು’ ಎಂಬ ಅವನ ಅಂಕಣ, ಅದರ ಪಕ್ಕದಲ್ಲೇ ಪದಬಂಧ. ಪದಬಂಧ ಬಿಡಿಸುವವರು ಕಣ್ಣು ತಪ್ಪಿ ತನ್ನ ಅಂಕಣವನ್ನೂ ಓದಿಬಿಡುತ್ತಾರೆ ಎಂದು ಅವನೇ ಹೇಳಿಕೊಂಡು ನಗುತ್ತಿದ್ದ.

ಕೆಲಸದಲ್ಲಿ ಮಾತ್ರ ನಗುವ ಪೈಕಿಯಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಅವನಷ್ಟು ಗಟ್ಟಿಯಾಗಿ ಹಿಡಿದುಕೊಂಡವರು ಇನ್ನೊಬ್ಬರಿರಲಾರರು. ಫೋನ್ ಮಾಡಿದವರ ಮನೆಗೇ ಹೋಗುತ್ತಿದ್ದ. ಅವರು ಅಂದು ನಿಂತಿದ್ದ ಜಾಗದಲ್ಲೇ ಅವರನ್ನು ನಿಲ್ಲಿಸುತ್ತಿದ್ದ. ಕೈ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ, ಉಗುರಿಗಿಂತ ದೊಡ್ಡದಿತ್ತೋ ಚಿಕ್ಕದೋ? ಸೂರ್ಯ ಯಾವ ಕಡೆಗಿದ್ದ? ಸದ್ದು ಬಂತೇ? ಹೋದ ತಿಂಗಳು ಒಬ್ಬ ಲಾರಿ ಡ್ರೈವರ್, ಬೆಳ್ಳಿಯಂಥ ತಟ್ಟೆಯೊಂದು ಹದಿನೆಂಟು ಕಿಲೋಮೀಟರ್ ತನ್ನನ್ನು ಅಟ್ಟಿಸಿಕೊಂಡು ಬಂತೆಂದು ಆಣೆ ಮಾಡಿದ್ದ. ಅದೇ ಲಾರಿಯಲ್ಲಿ ಪಕ್ಕಕ್ಕೆ ಕೂತು ಹೋಗಿ ನೋಡಿದರೆ, ಗಾಜಿನಲ್ಲಿ ಹೊಳೆಯುತ್ತಿದ್ದದ್ದು ಅವನದೇ ಊಟದ ಡಬ್ಬಿಯ ಮುಚ್ಚಳ. “ಬಿಟ್ಟು ಎಲ್ಲಿಗೆ ಹೋಗುತ್ತೆ ಹೇಳಿ, ಡಬ್ಬಿ ನಿಮ್ದೇ ಅಲ್ವಾ?” ಎಂದು ಸಮಾಧಾನ ಹೇಳಿ ಬಂದಿದ್ದ. ಆಸ್ಪತ್ರೆಯ ನರ್ಸಮ್ಮ ಕಂಡ ದೀಪದ ಸಾಲು ಉಪಗ್ರಹಗಳದ್ದು. ನಿವೃತ್ತ ಮೇಷ್ಟ್ರು ಕಂಡ ಕೆಂಪು ಕಣ್ಣು ಹೊಸ ಕಟ್ಟಡದ ಕ್ರೇನಿನ ದೀಪ. ಯಾರನ್ನೂ ಅವನು ಹಂಗಿಸಿದ್ದಿಲ್ಲ. ಕಂಡದ್ದು ನಿಜ, ಅಂದುಕೊಂಡದ್ದು ಬೇರೆ, ಎಂದಷ್ಟೇ ಬರೆಯುತ್ತಿದ್ದ.

ಎಲ್ಲ ಪ್ರಶ್ನೆ ಮುಗಿದ ಮೇಲೆ ಕೊನೆಯದೊಂದಿತ್ತು. “ನಿಮ್ಮ ಜೊತೆ ಬೇರೆ ಯಾರಾದ್ರೂ ಇದ್ರಾ? ಅವರೂ ನೋಡಿದ್ರಾ?” ಇಪ್ಪತ್ತನಾಲ್ಕು ವರ್ಷದಿಂದ ಕೇಳುತ್ತಿದ್ದರೂ ಅಲ್ಲಿಗೆ ಬಂದಾಗ ಅವನು ಎದುರಿನವರ ಮುಖ ನೋಡದೆ ಕಾಗದಕ್ಕೆ ತಲೆ ತಗ್ಗಿಸುತ್ತಿದ್ದ.

ತಗ್ಗಿಸದೆ ಏನು ಮಾಡಿಯಾನು? ಹನ್ನೊಂದು ವರ್ಷದವನಿದ್ದಾಗ ಇದೇ ಪ್ರಶ್ನೆಯನ್ನು ಇದೇ ಪತ್ರಿಕೆಯ ಹಳೆಯ ವರದಿಗಾರನೊಬ್ಬ ಅವನನ್ನೇ ಕೇಳಿದ್ದ. ಅಕ್ಕನಿಗೆ ಆಗ ಹತ್ತೊಂಬತ್ತು. ತಾಯಿ ದಿನವಿಡೀ ಕಾರ್ಖಾನೆಯಲ್ಲಿರುತ್ತಿದ್ದುದರಿಂದ ಅವನನ್ನು ಸಾಕಿದವಳು ಅವಳೇ. ತಲೆ ಬಾಚಿದ್ದು, ಈಜು ಕಲಿಸಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತು ಕೇಳಿದ ಕಥೆಯನ್ನೇ ಹತ್ತು ಸಲ ಹೇಳಿದ್ದು ಎಲ್ಲ ಅವಳೇ. ಒಂದು ಮಧ್ಯಾಹ್ನ ಇಬ್ಬರೂ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದರು. ಅವನಿಗೆ ನೆನಪಿದ್ದ ಪ್ರಕಾರ ಅಕ್ಕ ಇದ್ದಕ್ಕಿದ್ದಂತೆ ತಲೆ ಎತ್ತಿ ನಿಂತಳು, ಅವಳು ನೋಡಿದ ಕಡೆ ಇವನೂ ನೋಡಿದ. ನೀರಿನ ಟ್ಯಾಂಕಿನ ಆಚೆ ಆಕಾಶದಲ್ಲಿ ಬೆಳ್ಳಗೆ, ದುಂಡಗೆ, ಅಲುಗಾಡದೆ ಏನೋ ಒಂದು ನಿಂತಿತ್ತು. ಅಷ್ಟು ಚೆಂದದ್ದನ್ನು ಆಮೇಲೆ ಅವನು ಕಂಡದ್ದೇ ಇಲ್ಲ.

ಸುದ್ದಿ ಬೀದಿಗೆ ಬಿತ್ತು. ಶಾಲೆಯಲ್ಲಿ ಹುಡುಗರು ಇವನನ್ನು ಕಂಡರೆ ತಟ್ಟೆ ತಿರುಗಿಸಿ ತೋರಿಸತೊಡಗಿದರು. ಮೂರನೆಯ ದಿನ ವರದಿಗಾರ ಮನೆಗೇ ಬಂದ. ಅಪ್ಪ ಮುಖ ಗಂಟು ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು, ಕಿಟಕಿಯಾಚೆ ನೆರೆಹೊರೆಯವರೆಲ್ಲ ಕತ್ತು ಚಾಚಿ ನಿಂತಿದ್ದರು. ಅಕ್ಕ ಎಲ್ಲವನ್ನೂ ಹೇಳಿದಳು. ವರದಿಗಾರ ಇವನ ಕಡೆ ತಿರುಗಿ, “ನೀನೂ ಅಲ್ಲೇ ಇದ್ಯಲ್ಲಪ್ಪ, ನೀನೂ ನೋಡಿದ್ಯಾ?” ಎಂದ. ಕಿಟಕಿಯಲ್ಲಿ ಶಾಲೆಯ ಹುಡುಗರಿಬ್ಬರ ಮುಖ ಕಾಣುತ್ತಿತ್ತು.

“ನಾನೇನೂ ನೋಡ್ಲಿಲ್ಲ. ಕ್ಲಿಪ್ ಎಣಿಸ್ತಾ ಇದ್ದೆ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನ ಪತ್ರಿಕೆಯಲ್ಲಿ ‘ಅಕ್ಕನಿಗೆ ಕಂಡದ್ದು ತಮ್ಮನಿಗೆ ಕಾಣಲಿಲ್ಲ’ ಎಂಬ ತಲೆಬರಹ ಬಂತು. ಊರ ಬಾಯಿಗೆ ಬೀಗ ಹಾಕುವವರು ಯಾರು? ಅಂಗಡಿಗೆ ಹೋದರೆ, ಬಸ್ಸು ಹತ್ತಿದರೆ, “ಕಣ್ಣು ತೋರಿಸ್ಕೋಬಾರ್ದಾ?” ಎನ್ನುವವರೇ. ಆರು ತಿಂಗಳು ಕಳೆಯುವುದರೊಳಗೆ ಅಕ್ಕ ದೂರದ ಊರಿನ ಚಿಕ್ಕಮ್ಮನ ಮನೆಗೆ ಹೋಗಿ, ಅಲ್ಲೇ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ ಕಲಿತು, ಮುಂದೆ ಸ್ವಂತ ಅಂಗಡಿ ಹಾಕಿದಳು.

ಜಗಳವಾಡಿದ್ದರೆ ರಾಜಿಯಾದರೂ ಮಾಡಿಕೊಳ್ಳಬಹುದಿತ್ತು. ಅವಳು ಜಗಳವಾಡಲಿಲ್ಲ. ಅಪ್ಪ ತೀರಿಕೊಂಡಾಗ ಬಂದಳು, ಅಮ್ಮ ತೀರಿಕೊಂಡಾಗ ಬಂದಳು. ಎಲ್ಲರ ಜೊತೆ ಮಾತು, ಎಲ್ಲರ ಜೊತೆ ಅಳು. ಇವನೊಬ್ಬನಿಗೆ “ಊಟ ಆಯ್ತಾ?” ಎಂಬ ಎರಡು ಮಾತು. ಆ ಎರಡು ಮಾತನ್ನು ಅವನು ವರ್ಷಗಟ್ಟಲೆ ಜೋಪಾನ ಮಾಡಿಕೊಂಡಿದ್ದ. ಅವನಿಗೆ ಅಕ್ಕ ಬೇಕಾಗಿದ್ದಳು. ನಲವತ್ತೊಂಬತ್ತು ವರ್ಷದ ಗಂಡಸು ಹೀಗೆಂದರೆ ಜನ ನಕ್ಕಾರು, ಆದರೆ ಇದ್ದದ್ದು ಅಷ್ಟೇ. ಅಂದು ಕಂಡದ್ದು ಏನೆಂದು ಪತ್ತೆ ಮಾಡಿ ಅವಳ ಕೈಗಿಟ್ಟರೆ, ಅವಳ ಕಣ್ಣು ಸರಿಯಿತ್ತೆಂದು ಸಾಬೀತಾದರೆ, ಎಲ್ಲ ಮೊದಲಿನಂತಾಗುತ್ತದೆಂದು ನಂಬಿ ಅವನು ಈ ಕೆಲಸಕ್ಕೆ ಸೇರಿದ್ದ. ಅವನ ಕಪಾಟಿನಲ್ಲಿ ನಾನೂರಕ್ಕೂ ಹೆಚ್ಚು ಕಡತಗಳಿದ್ದವು. ಒಂದನೆಯ ನಂಬರಿನದು ಅಕ್ಕನದು.

ಅದು ಬಗೆಹರಿದದ್ದು ಈ ವರ್ಷ. ಹಳೆಯ ಹವಾಮಾನ ಕೇಂದ್ರವೊಂದನ್ನು ಮುಚ್ಚುತ್ತಿದ್ದಾರೆ, ದಾಖಲೆ ಪುಸ್ತಕಗಳೆಲ್ಲ ರದ್ದಿಗೆ ಹೋಗುತ್ತವೆ ಎಂದು ಅಲ್ಲಿಯ ಗುಮಾಸ್ತೆ ಫೋನ್ ಮಾಡಿದಳು. ಹದಿನೈದು ವರ್ಷದಿಂದ ಅವನು ಬರೆದ ಕಾಗದಗಳನ್ನು ಓದಿ ಓದಿ ಅವಳಿಗೂ ಅಯ್ಯೋ ಅನ್ನಿಸಿತ್ತು. ಅವನು ಎರಡು ದಿನ ಧೂಳು ಕುಡಿದು ಹುಡುಕಿದ. ಸಿಕ್ಕಿತು. ಅದೇ ತಾರೀಖು, ಮಧ್ಯಾಹ್ನ ಎರಡು ಹತ್ತಕ್ಕೆ ಬಿಟ್ಟ ದೊಡ್ಡ ಬಲೂನು. ಅನಿಲ ಸೋರಿ ಎತ್ತರಕ್ಕೇರಲಿಲ್ಲ, ಪೂರ್ವಕ್ಕೆ ಸರಿದು ಪಟ್ಟಣದ ಮೇಲೆ ಎರಡು ಮೂರು ನಿಮಿಷ ನಿಂತಿತ್ತು. ಹಳದಿ ಕಾಗದದ ಮೇಲೆ ಯಾರದೋ ಸಹಿ. ಅವನು ಆ ಪುಟದ ಮುಂದೆ ಕೂತು ಅತ್ತುಬಿಟ್ಟ.

ಮರುದಿನವೇ ಕಡತವನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ. ಐದು ಗಂಟೆಯ ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದ. ಅಂಗಡಿ ಚಿಕ್ಕದು. ಗೋಡೆ ತುಂಬ ಕನ್ನಡಕದ ಚೌಕಟ್ಟುಗಳು, ನಡುನಡುವೆ ಕನ್ನಡಿ. ಒಳಗೆ ನಾಲ್ಕು ಜನ ಕಾಯುತ್ತಿದ್ದರು. ಅಕ್ಕನ ಕೂದಲು ಪೂರ್ತಿ ನರೆತಿತ್ತು. ಅವಳು ಇವನನ್ನು ನೋಡಿದಳು, ಬೆರಳಿನಿಂದ ಬೆಂಚು ತೋರಿಸಿದಳು. ಸರದಿ ಬಂದಾಗ ಬೇರೇನೂ ತೋಚದೆ ಅವನು ಕಣ್ಣು ಪರೀಕ್ಷೆಯ ಕುರ್ಚಿಯಲ್ಲೇ ಹೋಗಿ ಕೂತ.

“ಗದ್ದ ಇಲ್ಲಿಡು. ಕದಲಬೇಡ,” ಎಂದಳು ಅಕ್ಕ.

ಅವನ ತಲೆಯನ್ನು ಎರಡೂ ಕೈಯಿಂದ ಹಿಡಿದು ಸರಿಪಡಿಸಿದಳು. ಮೂವತ್ತೆಂಟು ವರ್ಷದ ಮೇಲೆ ಆ ಕೈ ತಲೆಗೆ ತಗುಲಿತ್ತು. ಪರೀಕ್ಷೆ ಒಂದು ಗಂಟೆ ನಡೆದರೂ ಸರಿಯೇ ಎಂದುಕೊಂಡು ಅವನು ಉಸಿರು ಬಿಗಿ ಹಿಡಿದು ಕೂತ. ಒಂದು ಗಂಟೆ ಎಲ್ಲಿಂದ, ನಾಲ್ಕು ನಿಮಿಷಕ್ಕೆ ಮುಗಿಯಿತು.

“ಅಕ್ಕ, ಅದು ಬಲೂನು,” ಎಂದ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿತ್ತು. “ಹವಾಮಾನದವರ ಬಲೂನು. ದಾಖಲೆ ಸಿಕ್ಕಿದೆ. ನೀನು ಹೇಳಿದ್ದು ಅಕ್ಷರ ಅಕ್ಷರ ಸರಿ. ಗಾತ್ರ, ದಿಕ್ಕು, ಟೈಮು, ಎಲ್ಲಾ.”

ಅವಳು ದೀಪ ಆರಿಸಿ, ಕಡತ ತೆಗೆದುಕೊಂಡು ಬಿಡಿಸಿದಳು. ಹಳದಿ ಪುಟವನ್ನು ಓದಿದಳು. “ಇದಕ್ಕೇ ಇಷ್ಟು ವರ್ಷ ಒದ್ದಾಡಿದ್ಯಾ? ಗುಡ್ಡ ಅಗೆದು ಇಲಿ ಹಿಡಿದ ಹಾಗಾಯ್ತು.”

“ನಿನಗೋಸ್ಕರ.”

“ಅದು ಏನು ಅಂತ ನಾನ್ಯಾವತ್ತು ಕೇಳಿದ್ದೆ?”

ಅವಳು ಪುಟ ಮಗುಚುತ್ತ ಹಿಂದಕ್ಕೆ ಹೋಗಿ ಮೊದಲನೆಯ ಹಾಳೆಗೆ ಬಂದಳು. ಪ್ರತಿ ಕಡತದಲ್ಲೂ ಇರುವ, ಅವನೇ ತಯಾರಿಸಿದ ನಮೂನೆ ಅದು. ಅದರಲ್ಲೊಂದು ಸಾಲಿನ ಮೇಲೆ ಬೆರಳಿಟ್ಟು ಕಡತವನ್ನು ಅವನ ಕಡೆ ತಿರುಗಿಸಿದಳು. ಪ್ರತ್ಯಕ್ಷ ಕಂಡವರು: ಒಬ್ಬರು.

“ಇದು ಯಾರ ಕೈಬರಹ?”

“ನಂದೇ.”

ಇಪ್ಪತ್ತನಾಲ್ಕು ವರ್ಷದ ಹಿಂದೆ ಹಳೆಯ ವರದಿಯನ್ನು ನೋಡಿ ನಮೂನೆ ತುಂಬಿದ್ದ. ವರದಿಯಲ್ಲಿ ಒಬ್ಬರೆಂದಿತ್ತು, ಒಬ್ಬರೆಂದು ಬರೆದಿದ್ದ. ಗಾಳಿಯ ವೇಗವನ್ನು ಮೂರು ಸಲ ತಿದ್ದಿದ್ದ, ಟ್ಯಾಂಕಿನ ಎತ್ತರವನ್ನು ಹೋಗಿ ಅಳೆದು ತಿದ್ದಿದ್ದ, ಈ ಸಾಲನ್ನು ಮಾತ್ರ ಮುಟ್ಟಿರಲಿಲ್ಲ. ಊರವರ ಕಣ್ಣನ್ನೆಲ್ಲ ಪರೀಕ್ಷಿಸುತ್ತ ತಿರುಗಿದವನು ತನ್ನನ್ನೇ ಸಾಕ್ಷಿ ಎಂದು ಕೂರಿಸಿ ಕೇಳಿರಲಿಲ್ಲ.

“ಹೊರಗೆ ಜನ ಕಾಯ್ತಾ ಇದ್ದಾರೆ,” ಎಂದು ಅಕ್ಕ ಕಡತ ಮುಚ್ಚಿ ಕೊಟ್ಟಳು.

ವಾಪಸು ಬಂದವನು ಸೀದಾ ಸಂಪಾದಕಿಯ ಕೋಣೆಗೆ ಹೋದ. ಅವನಿಗಿಂತ ಹದಿನೈದು ವರ್ಷ ಚಿಕ್ಕವಳು, ಚುರುಕಿನ ಹೆಂಗಸು. ಬಲೂನಿನ ವಿಷಯ ಕೇಳಿ ಹಿಗ್ಗಿಹೋದಳು. “ಮುಖಪುಟಕ್ಕೆ ಹಾಕೋಣ ತಟ್ಟೆಯಣ್ಣ. ಮೂವತ್ತೆಂಟು ವರ್ಷದ ರಹಸ್ಯ ಬಯಲು!”

“ಬೇಡ. ನನಗೆ ತಿದ್ದುಪಡಿ ಬೇಕು. ಎರಡನೇ ಪುಟದಲ್ಲಿ ಐದು ಸಾಲು ಸಾಕು.”

“ಮೂವತ್ತೆಂಟು ವರ್ಷದ ಹಿಂದಿನ ಸುದ್ದಿಗೆ ಈಗ ತಿದ್ದುಪಡಿನಾ? ಊರೆಲ್ಲಾ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಗಲ್ವಾ? ತಪ್ಪು ಬರೆದ ವರದಿಗಾರರು ತೀರಿಕೊಂಡೇ ಹತ್ತು ವರ್ಷ ಆಯ್ತು.”

“ತಪ್ಪು ಅವರದ್ದಲ್ಲಮ್ಮ,” ಎಂದು ಅವನು ಚೀಟಿಯನ್ನು ಮೇಜಿನ ಮೇಲಿಟ್ಟ. ಸಂಪಾದಕಿ ಓದಿದಳು, ಅವನ ಮುಖ ನೋಡಿದಳು, ಮತ್ತೆ ಓದಿದಳು. ಆಮೇಲೆ ಸಹಿ ಹಾಕಿದಳು.

ಗುರುವಾರದ ಪತ್ರಿಕೆಯಲ್ಲಿ ಅದು ಬಂತು. ಶ್ವಾನ ಪ್ರದರ್ಶನದಲ್ಲಿ ಗೆದ್ದ ನಾಯಿಯ ಚಿತ್ರಕ್ಕೂ ನಗರಸಭೆಯ ಅಧ್ಯಕ್ಷರ ಚಿತ್ರಕ್ಕೂ ಅಡಿಬರಹ ಅದಲು ಬದಲಾದದ್ದಕ್ಕೆ ವಿಷಾದಿಸಿದ್ದ ಸೂಚನೆಯ ಕೆಳಗೆ:

‘ಮೂವತ್ತೆಂಟು ವರ್ಷಗಳ ಹಿಂದೆ ಈ ಪತ್ರಿಕೆಯಲ್ಲಿ “ಅಕ್ಕನಿಗೆ ಕಂಡದ್ದು ತಮ್ಮನಿಗೆ ಕಾಣಲಿಲ್ಲ” ಎಂಬ ವರದಿ ಪ್ರಕಟವಾಗಿತ್ತು. ಅದು ತಪ್ಪು. ಮೊದಲು ಅಕ್ಕ ನೋಡಿದರು. ಅವರ ಪಕ್ಕದಲ್ಲೇ ನಿಂತಿದ್ದ ತಮ್ಮನೂ ಸ್ಪಷ್ಟವಾಗಿ ನೋಡಿದ್ದನು. ಕೇಳಿದಾಗ ಹೆದರಿ ಸುಳ್ಳು ಹೇಳಿದನು. ತಪ್ಪು ವರದಿಗಾರರದ್ದಲ್ಲ, ತಮ್ಮನದು.’

ಒಂದು ಪ್ರತಿಯನ್ನು ಅವನು ಅಕ್ಕನ ಅಂಗಡಿಯ ವಿಳಾಸಕ್ಕೆ ಅಂಚೆಯಲ್ಲಿ ಹಾಕಿದ. ಶುಕ್ರವಾರ ಏನೂ ಇಲ್ಲ. ಶನಿವಾರ ಇಬ್ಬರು ಫೋನ್ ಮಾಡಿದರು, ಒಬ್ಬರಿಗೆ ತೆಂಗಿನಕಾಯಿಯಷ್ಟು ದಪ್ಪದ ಬೆಳಕು ಕಂಡಿತ್ತು, ಇನ್ನೊಬ್ಬರಿಗೆ ಪದಬಂಧದ ಉತ್ತರ ಬೇಕಿತ್ತು. ಪ್ರತಿ ಸಲವೂ ಫೋನನ್ನು ಅವನು ಮೊದಲ ಗಂಟೆಗೇ ಎತ್ತುತ್ತಿದ್ದ. ಸೋಮವಾರ ಹನ್ನೊಂದು ಗಂಟೆಗೆ ಮತ್ತೊಂದು ಕರೆ.

“ತಿದ್ದುಪಡೀಲಿ ಒಂದು ತಪ್ಪಿದೆ.”

ಅಕ್ಕನ ದನಿ. ಅಭ್ಯಾಸಬಲದಿಂದ ಅವನ ಕೈ ಖಾಲಿ ನಮೂನೆಯನ್ನು ಮುಂದಕ್ಕೆಳೆದುಕೊಂಡಿತು. “ಏನಕ್ಕ?”

“ಮೊದಲು ನೋಡಿದ್ದು ನಾನಲ್ಲ. ನೀನು.”

“ಇಲ್ಲಕ್ಕ, ನೀನು ತಲೆ ಎತ್ತಿ...”

“ನಾನು ಬಕೆಟ್ ಮೇಲೆ ಬಗ್ಗಿ ಬಟ್ಟೆ ಹಿಂಡ್ತಾ ಇದ್ದೆ ಕಣೋ. ನೀನು ತೋಳು ಹಿಡಿದು ಎಳೆದೆ. ಸುಮ್ನಿರು ಅಂದೆ. ಮತ್ತೆ ಎಳೆದೆ. ‘ಅಕ್ಕಾ, ನೋಡೇ, ನೋಡೇ’ ಅಂತ ಕುಣಿದೆ. ಆಮೇಲೆ ಬೀದಿಗೆಲ್ಲ ಸಾರಿದ್ದೂ ನೀನೇ. ಶಾಲೆ ಹುಡುಗರು ನಿನ್ನನ್ನ ಗೋಳು ಹೊಯ್ಕೊಳ್ಳೋಕೆ ಶುರು ಮಾಡಿದ್ರು, ಅಳ್ತಾ ಬಂದೆ. ಅದಕ್ಕೇ ನಾನು ಎಲ್ಲರಿಗೂ ಮೊದಲು ನೋಡಿದ್ದು ನಾನೇ, ಅವನಿಗೆ ತೋರಿಸಿದ್ದೂ ನಾನೇ ಅಂತ ಹೇಳ್ಕೊಂಡು ಬಂದೆ. ಆಡ್ಕೊಳ್ಳೋದಾದ್ರೆ ನನ್ನನ್ನ ಆಡ್ಕೊಳ್ಳಲಿ ಅಂತ.”

ಅವನ ಬೆರಳಿಗೆ ಒದ್ದೆ ತೋಳಿನ ತಣ್ಣನೆ ತಾಗಿದಂತಾಯಿತು. ಹೌದು. ಎಳೆದಿದ್ದ, ಎರಡು ಸಲ. ಇಷ್ಟು ವರ್ಷ ಅದೆಲ್ಲಿ ಹೂತುಹೋಗಿತ್ತೋ. ಅವಳು ಹೊತ್ತುಕೊಂಡದ್ದು ಇವನದನ್ನು, ಇವನು ಕೈಬಿಟ್ಟದ್ದು ಅವಳನ್ನು. ಫೋನನ್ನು ಕಿವಿಗೆ ಒತ್ತಿ ಹಿಡಿದು ಅವನು ಸಣ್ಣ ಮಗುವಿನಂತೆ ಬಿಕ್ಕಿದ. ಆಚೆ ಮೇಜಿನವರು ತಲೆ ಎತ್ತಿ ನೋಡಿ, ನೋಡದವರಂತೆ ತಿರುಗಿಕೊಂಡರು.

ಅಕ್ಕ ಅವನು ಸುಧಾರಿಸಿಕೊಳ್ಳುವವರೆಗೆ ಕಾದಳು.

“ಇನ್ನೊಂದು ಕೇಳ್ಬೇಕಿತ್ತು,” ಎಂದಳು ಆಮೇಲೆ. “ಅದು ಕೊನೇಲಿ ಹೇಗೆ ಹೋಯ್ತು ಅಂತ ನಾನು ನೋಡಲಿಲ್ಲ. ನಿನ್ನ ಮುಖ ಅಷ್ಟು ಅರಳಿತ್ತು, ನಾನು ಅದನ್ನೇ ನೋಡ್ತಾ ನಿಂತುಬಿಟ್ಟೆ. ಮತ್ತೆ ತಲೆ ಎತ್ತಿದಾಗ ಆಕಾಶ ಖಾಲಿ. ನಿನ್ನನ್ನ ಕೇಳ್ಬೇಕು ಅಂತಿದ್ದೆ, ಅಷ್ಟರಲ್ಲಿ ನೀನು ನೋಡೇ ಇಲ್ಲ ಅಂದ್ಬಿಟ್ಟೆ. ಇಷ್ಟು ವರ್ಷ ಯಾರನ್ನ ಕೇಳಲಿ?”

ಅವನು ಮೂಗು ಒರೆಸಿಕೊಂಡ.

“ಹೇಳೋ,” ಎಂದಳು ಅಕ್ಕ.

“ಮೊದಲು ಅದು ಅಲುಗಾಡಲೇ ಇಲ್ಲ ಕಣಕ್ಕ,” ಎಂದು ಅವನು ಶುರು ಮಾಡಿದ. “ಆಮೇಲೆ ಟ್ಯಾಂಕಿನ ಎಡಗಡೆಗೆ, ನಿಧಾನಕ್ಕೆ...”